ಒಂಬತ್ತನೆಯ ಕಣ್ಣು ಮತ್ತು ತಾಮ್ರದ ಹಂಡೆ

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಅಣ್ಣಾಸಾಹೇಬ ಮನೆ ಕಾಯುವುದರಲ್ಲಿ ಎಂಥ ಗಟ್ಟಿ ಮನುಷ್ಯನೆಂದರೆ, ಇಡೀ ಪೇಟೆಯ ನೊಣಗಳು ಅವನ ಅಂಗಡಿಯ ಬೆಲ್ಲದ ಪೆಂಟೆಗಳ ಮೇಲೆ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿದ್ದವೇ ಹೊರತು, ಅವನ ಮನೆಯ ಹೊಸ್ತಿಲು ದಾಟುವ ಧೈರ್ಯ ಒಂದಕ್ಕೂ ಇರಲಿಲ್ಲ.

ಇಪ್ಪತ್ತೆರಡು ವರ್ಷ ಆ ಮನೆ ಒಂದು ಗಳಿಗೆ ಖಾಲಿ ಬಿದ್ದದ್ದಿಲ್ಲ. ಗಂಡ ಹೊರಗೆ ಹೋದರೆ ಹೆಂಡತಿ ಶಂಕ್ರೆವ್ವ ಒಳಗೆ. ಹೆಂಡತಿ ಹೊರಬಿದ್ದರೆ ಗಂಡ ಕಟ್ಟೆಯ ಮೇಲೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಾದರೂ ಪಾಳಿ ಬದಲಾಗುವಾಗ ನಾಲ್ಕು ನಿಮಿಷ ಹಿಂದೆ ಮುಂದೆ ಆದೀತು, ಇವರ ಪಾಳಿಯಲ್ಲಿ ಅದಕ್ಕೂ ಆಸ್ಪದವಿಲ್ಲ. ಅವನ ಬಲಗಾಲು ಹೊಸ್ತಿಲೊಳಗೆ ಬಿದ್ದ ಮೇಲೆಯೇ ಆಕೆಯ ಬಲಗಾಲು ಹೊರಗೆ. ಬೀಗರ ಮದುವೆ ಬಂತೆಂದರೆ ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಅಣ್ಣಾಸಾಹೇಬ ಹೋಗಿ, ಊಟ ಹೊಡೆದು, ತೇಗುತ್ತ ಮನೆಗೆ ಬರುವವನು. ಆಮೇಲೆ ಶಂಕ್ರೆವ್ವ ಬಸ್ಸು ಹಿಡಿದು ಹೊರಡುವವಳು. ಆಕೆ ಮುಟ್ಟುವ ಹೊತ್ತಿಗೆ ಹಂದರದ ಗಳ ಬಿಚ್ಚುತ್ತಿರುತ್ತಿದ್ದರು. ಹೀಗಾಗಿ ಯಾರ ಮನೆಯ ಅಲ್ಬಮ್ ತೆಗೆದರೂ ಇಬ್ಬರೂ ಕೂಡಿದ ಒಂದು ಚಿತ್ರವಿಲ್ಲ. ಅಣ್ಣಾಸಾಹೇಬನಿಗೆ ಐವತ್ತೆಂಟು ತುಂಬಿದ ವರ್ಷ ತೇರದಾಳದ ಕಡೆಯ ಹೊಸ ಬೀಗರೊಬ್ಬರು, "ಪಾಪ, ಇವರದಿನ್ನೂ ಲಗ್ನ ಆಗಿಲ್ಲೇನ್ರಿ? ನಮ್ಮಲ್ಲೊಂದು ಕನ್ಯಾ ಐತಿ" ಎಂದು ಕೇಳಿದ್ದರು.

ಇದಕ್ಕೆಲ್ಲ ಮೂಲ ಒಂದು ತಾಮ್ರದ ಹಂಡೆ.

ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಮನೆಗೆ ಕೀಲಿ ಹಾಕಿ ಬೀಳಗಿಗೆ ಒಬ್ಬ ಬಸುರಿಯ ಕುಬಸದ ಕಾರ್ಯಕ್ಕೆ ಹೋಗಿದ್ದರು. ಮೂರು ದಿನಕ್ಕೆಂದು ಹೋದವರು. ಆದರೆ ಅಣ್ಣಾಸಾಹೇಬ ಪಂಕ್ತಿಯಲ್ಲಿ ಪಂಥಕ್ಕೆ ಬಿದ್ದು ಇಪ್ಪತ್ತೇಳು ಕರಿಗಡಬು ತಿಂದ (ಬೀಳಗಿಯವರು ಇಂದಿಗೂ ಇಪ್ಪತ್ತೊಂದು ಎನ್ನುತ್ತಾರೆ, ಹೊಟ್ಟೆಕಿಚ್ಚು). ಹೊಟ್ಟೆ ಕೆಟ್ಟು ಮರುದಿನವೇ ತಿರುಗಿ ಬಂದರು. ಬಂದು ನೋಡಿದರೆ ಬಚ್ಚಲುಮನೆಯ ಒಲೆಯ ಮೇಲೆ ಹಂಡೆ ಇಲ್ಲ. ಕಪಾಟಿನ ಬೆಳ್ಳಿ ಹಾಗೇ ಇತ್ತು, ಗೂಟಕ್ಕೆ ಹಾಕಿದ ಕೋಟು ಹಾಗೇ ಇತ್ತು, ಅದರ ಕಿಸೆಯಲ್ಲಿನ ನೋಟೂ ಹಾಗೇ ಇತ್ತು. ಹಂಡೆಯೊಂದೇ ಮಾಯ.

ಅಣ್ಣಾಸಾಹೇಬ ಹಾಕಿದ ಬೊಬ್ಬೆಗೆ ಮುಧೋಳದಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂತವಂತೆ. ಕಾಲು ತಾಸಿನಲ್ಲಿ ಪೊಲೀಸರು ಬಂದು ಪಂಚನಾಮೆಗೆ ಕೂತರು. ಗೋಡೆಗೆ ಗೋಡೆ ಹತ್ತಿದ ನೆರೆಮನೆಯ ಇಂದ್ರವ್ವ ಎಲ್ಲರಿಗಿಂತ ಜೋರಾಗಿ ಎದೆ ಬಡಿದುಕೊಂಡು, "ಹಂಡೆ ಒಯ್ದಾವನ ಬಲಗೈ ಸೇದಿ ಹೋಗಲಿ!" ಎಂದು ಲಟಿಕೆ ಮುರಿದಳು. ಆ ಶಾಪ ಅಣ್ಣಾಸಾಹೇಬನಿಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಮಹಾಲಿಂಗೇಶ್ವರನ ಗುಡಿಯಲ್ಲಿ ಕಾಯಿ ಒಡೆದು ಅದೇ ಮಾತನ್ನು ದೇವರ ಕಿವಿಗೂ ಹಾಕಿ ಬಂದ.

ಹಂಡೆ ಹೋದ ನೋವು ಒಂದು ಪಾಲಾದರೆ ಅವಮಾನ ಒಂಬತ್ತು ಪಾಲು. "ಕಳ್ಳ ಮನಿ ತುಂಬ ಹುಡುಕ್ಯಾನ, ಒಯ್ಯುವಂಥಾದ್ದು ಹಂಡೆ ಬಿಟ್ರ ಏನೂ ಸಿಕ್ಕಿಲ್ಲ" ಎಂದು ಓಣಿ ನಕ್ಕಿತು. ಮೇಲಾಗಿ ಆ ಹಂಡೆ ಶಂಕ್ರೆವ್ವನ ತವರಿನವರು ಗಲಗಲಿಯಿಂದ ಬಳುವಳಿಯಾಗಿ ಕೊಟ್ಟದ್ದು. ಆಕೆಯ ತಮ್ಮ ಮುರಗೆಪ್ಪ ಅಂದಿನಿಂದ ಭಾವನಿಗೆ ಊಟ ಬಡಿಸಿದಾಗೆಲ್ಲ ಉಪ್ಪಿನಕಾಯಿಯ ಜೊತೆಗೆ ಒಂದು ಮಾತು ಬಡಿಸುತ್ತಿದ್ದ: "ಮಾವಾರ, ನಮ್ಮಪ್ಪ ಕೊಟ್ಟ ಹಂಡೆ ಕಾಯಾಕ ಆಗಲಿಲ್ಲ. ಅಕ್ಕನ್ನರ ಜ್ವಾಕಿಯಿಂದ ಇಟಗೋರಿ."

ಈ ವರ್ಷ ಮುರಗೆಪ್ಪನ ಒಬ್ಬಳೇ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಮುರಗೆಪ್ಪ ಲಗ್ನಪತ್ರಿಕೆ ಹಿಡಿದು ಮಹಾಲಿಂಗಪುರಕ್ಕೆ ಬಂದ.

"ಮಾವಾರ, ನೀವು ಹುಡುಗಿಗೆ ಸೋದರತ್ತಿ, ಮಾವ. ಹಂದರದಾಗ ಜೋಡಿ ಕುಂತು ಆಯೇರಿ ಬಟ್ಟಿ ಹಿಡೀಬೇಕು. ಒಬ್ಬೊಬ್ಬರ ಪಾಳಿ ಮ್ಯಾಲ ಬರಾವ್ರಿದ್ರ ಈಗ ಹೇಳ್ರಿ, ಒಂದ ಟವೆಲ್ ತಂದೇನಿ, ಇಲ್ಲೇ ಒಗದು ಹೋಗತೇನಿ."

"ಬರ್ತೇವಿ ಬಿಡಪಾ" ಎಂದ ಅಣ್ಣಾಸಾಹೇಬ, ಮುಖ ಮಾತ್ರ ಬಾಗಿಲ ಕಡೆಗಿತ್ತು.

ರಾತ್ರಿ ಗಂಡ ಊಟಕ್ಕೆ ಕೂತಾಗ ಶಂಕ್ರೆವ್ವ ತಾಟಿನಲ್ಲಿ ರೊಟ್ಟಿಯ ಬದಲು ಅಲ್ಬಮ್ ತಂದಿಟ್ಟಳು. ಒಂದಲ್ಲ, ಬೀಗರು ಬಿಜ್ಜರು ಕಳಿಸಿದ್ದ ಹನ್ನೊಂದು.

"ಇದರಾಗ ನಾವಿಬ್ರೂ ಕೂಡಿದ್ದ ಒಂದ ಫೋಟೋ ತಗದ ತೋರಸ್ರಿ. ಆಮ್ಯಾಲ ರೊಟ್ಟಿ ಹಚ್ಚತೇನಿ."

ಅಣ್ಣಾಸಾಹೇಬ ಹುಡುಕಿದ. ಒಲೆ ಆರುವವರೆಗೆ ಹುಡುಕಿದ. ತಮ್ಮ ಸ್ವಂತ ಮಗಳ ಮದುವೆಯನ್ನು, ಮನೆ ಬಿಡುವುದು ಬೇಡವೆಂದು, ಮನೆಯ ಮುಂದೆಯೇ ಹಂದರ ಹಾಕಿ ಮಾಡಿದ್ದರು. ಅದರಲ್ಲಿ ಕೂಡ ಶಂಕ್ರೆವ್ವ ಮಗಳ ಪಕ್ಕದಲ್ಲಿದ್ದರೆ, ಅವನು ಹಿಂದೆ ದೂರದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಬೀಗದ ಕೈಯನ್ನು ಎದೆಗೆ ಹಿಡಿದು ನಿಂತ ಹುರುಳಿಕಾಳಿನಷ್ಟು ಮನುಷ್ಯ.

"ಈ ಲಗ್ನಕ್ಕ ಜೋಡಿ ಹೋಗೂದು" ಎಂದಳು ಶಂಕ್ರೆವ್ವ. "ಇಲ್ಲಾಂದ್ರ ನಾ ಒಬ್ಬಾಕಿ ಹೋಗಿ ಗಲಗಲಿಯಾಗ ಉಳದ ಬಿಡತೇನಿ. ಹಂಡೆ ಹೋದ ಹಾದಿಲೇ ಹೆಂಡ್ತೀನೂ ಹೋದ್ಳು ಅಂತ ಇನ್ನೊಂದ ಕಾಯಿ ಒಡಸ್ರಿ."

ಶಂಕ್ರೆವ್ವ ಸಿಟ್ಟು ಮಾಡಿ ಅಂದಿದ್ದರೆ ಅಣ್ಣಾಸಾಹೇಬ ಹೆದರುತ್ತಿರಲಿಲ್ಲ. ಆಕೆ ಬಟ್ಟೆ ಮಡಚುತ್ತ ತಣ್ಣಗೆ ಅಂದಳು. ಮರುದಿನ ಮುಂಜಾನೆಯೇ ಅವನು ಮನೆಗೊಂದು ಭದ್ರತೆ ಹುಡುಕಲು ಹೊರಟ.

ಮೊದಲು ಮುಧೋಳ. ಅಲ್ಲಿನ ನಾಯಿಯ ಕೀರ್ತಿ ಯಾರಿಗೆ ಗೊತ್ತಿಲ್ಲ! ಕತ್ತಿಯಂಥ ಮೂತಿ, ಬಿಲ್ಲಿನಂಥ ಬೆನ್ನು, ನಾಲ್ಕು ಕಾಲಿನ ಮೇಲೆ ನಿಂತ ಗಾಳಿ. ತಂದು ಅಂಗಳದಲ್ಲಿ ಕಟ್ಟಿದ. ನಾಯಿ ಯಾರ ಮೇಲೂ ಬೊಗಳಲಿಲ್ಲ. ಸಂಸ್ಥಾನ ಕಳೆದುಕೊಂಡ ಅರಸನ ಹಾಗೆ ದೂರದ ಕಬ್ಬಿನ ಹೊಲವನ್ನೇ ನೋಡುತ್ತ ನಿಂತಿತು. ಎರಡನೆಯ ದಿನ ಇಂದ್ರವ್ವ ಒಂದು ಚೂರು ರೊಟ್ಟಿ ತೋರಿಸಿದ್ದೇ ತಡ, ಆಕೆಯ ಮಡಿಲಲ್ಲಿ ತಲೆಯಿಟ್ಟು ಮಲಗಿತು. ಮೂರನೆಯ ದಿನ ಹೊಲದಲ್ಲಿ ಮೊಲವೊಂದು ಕಿವಿ ಅಲ್ಲಾಡಿಸಿತು. ಸರಪಳಿ ಕೈಗೆ ಸುತ್ತಿಕೊಂಡಿದ್ದ ಅಣ್ಣಾಸಾಹೇಬ ಕಬ್ಬಿನೊಳಗೆ ಹೊಕ್ಕದ್ದನ್ನು ಓಣಿಯೆಲ್ಲ ನೋಡಿತು. ಹೊರಗೆ ಬಿದ್ದದ್ದನ್ನು ನೋಡಿದವರು ಮೂರು ಹರದಾರಿ ಆಚೆಯ ಊರಿನವರು. ನಾಯಿಯನ್ನು ಅಲ್ಲಿಂದಲೇ ಅದರ ಧಣಿಯ ಮನೆಗೆ ಮುಟ್ಟಿಸಿ, ಹರಿದ ಧೋತರ ಹಿಡಿದುಕೊಂಡು ಬಂದ.

ಆಮೇಲೆ ಜಮಖಂಡಿ. ಅಲ್ಲಿನ ಕೀಲಿ ಅಂಗಡಿಯವನು ಎರಡು ಕೈಯಲ್ಲಿ ಎತ್ತಿ ಕೊಟ್ಟ ಬೀಗ ಹುಟ್ಟಿದ ಕರುವಿನಷ್ಟು ಭಾರವಿತ್ತು. "ಈ ಕೀಲಿ ತಗಿಯಾವ ಇನ್ನೂ ಭೂಮಿ ಮ್ಯಾಲ ಹುಟ್ಟಿಲ್ಲ, ಸಾಹೇಬ್ರ" ಎಂದ. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಮನೆಗೆ ಹಾಕಿ ನೋಡಿದರೆ ಅಣ್ಣಾಸಾಹೇಬನಿಗೂ ತೆಗೆಯಲಾಗಲಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಂಡ ಹೆಂಡತಿ ತಮ್ಮ ಮನೆಯ ಮುಂದೆ ತಾವೇ ಪರದೇಸಿಗಳಾಗಿ ಬಿಸಿಲು ಕಾಯಿಸಿಕೊಂಡರು. ಕಡೆಗೆ ಇಂದ್ರವ್ವ ಗೋಡೆಯ ಮೇಲಿಂದ ಇಣುಕಿದಳು.

"ಅಣ್ಣಾ, ಅಲ್ಲಿ ಯಾಕ ಒಣಗಾಕತ್ತೀರಿ? ಹಿತ್ತಲಕ ಬರ್ರಿ."

ಹಿತ್ತಲ ಬಾಗಿಲಿನ ಸಂದಿಯಲ್ಲಿ ಒಂದು ಕಡ್ಡಿ ತೂರಿಸಿ, ಒಳಗಿನ ಚಿಲಕವನ್ನು ಮೇಲಕ್ಕೆ ಚಿಮ್ಮಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ತೆರೆದುಕೊಟ್ಟಳು.

ಅಣ್ಣಾಸಾಹೇಬನ ಬಾಯಿ ಆ ಬಾಗಿಲಿಗಿಂತ ಅಗಲವಾಗಿ ತೆರೆಯಿತು. "ಇದು ನಿನಗ ಹೆಂಗ ಗೊತ್ತಬೇ?"

"ಓಣಿ ಹೆಣ್ಣಮಕ್ಕಳಿಗೆಲ್ಲ ಗೊತ್ತೈತಿ. ಒಂದ ಹಿಡಿ ಉಪ್ಪು, ಒಂದ ಚಮಚ ಹೆಪ್ಪು ಬೇಕಂದ್ರ ಮುಂಚಿ ಬಾಗಲಾ ಯಾರ ಬಡಿತಾರ? ಹಿತ್ತಲ ಬಾಗಲದಾಗ ಕೇಳೂದಿಲ್ಲ, ಹೇಳೂದಿಲ್ಲ. ಒಯ್ಯೂದು, ತಂದಿಡೂದು."

ಅಂದಿನಿಂದ ಅಣ್ಣಾಸಾಹೇಬ ಕಬ್ಬಿಣ, ಕಟ್ಟಿಗೆ, ನಾಯಿ ಮೂರರ ಮೇಲಿನ ವಿಶ್ವಾಸ ಬಿಟ್ಟ. ಉಳಿದದ್ದು ಕರೆಂಟು. ಅದಕ್ಕೆಂದು ಬನಹಟ್ಟಿಗೆ ಹೋದ.

ಬನಹಟ್ಟಿಯಲ್ಲಿ ಯಲ್ಲಾಲಿಂಗನೆಂಬ ನಲವತ್ತರ ಗಂಡಸು, ಮೊದಲು ಮಗ್ಗ ರಿಪೇರಿ ಮಾಡುತ್ತಿದ್ದವನು, ಈಗ ಕ್ಯಾಮೆರಾ ಕೂಡಿಸುತ್ತಿದ್ದ. ಮಗ್ಗದ ಸಪ್ಪಳದಲ್ಲಿ ಬೆಳೆದವನಾದ್ದರಿಂದ ಗುಟ್ಟಿನ ಮಾತನ್ನೂ ರಬಕವಿಗೆ ಕೇಳುವಂತೆ ಹೇಳುತ್ತಿದ್ದ.

"ಎಂಟ ಕ್ಯಾಮೆರಾ ಹಚ್ಚತೇನ್ರಿ! ನೀವು ಗಲಗಲಿಯಾಗ ಹೋಳಗಿ ಮುರಕೋತ ಕುಂತ್ರೂ ಮನಿ ನಿಮ್ಮ ಅಂಗೈಯಾಗ! ಯಾರರ ಹೊಕ್ಕರಪಾ, ಫೋನ್ ಗುರ್ ಅಂತೈತಿ. ಈ ಕೆಂಪ ಗುಂಡಿ ಒತ್ತಿದ್ರ ಸೈರನ್ ಹೊಡಿತೈತಿ. ತೋರಸ್ಲ್ಯಾ?"

ತೋರಿಸಿದ. ಆ ಸೈರನ್ನಿನ ಸದ್ದಿಗೆ ಬನಹಟ್ಟಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತುಬಿಟ್ಟವು. ಮಗ್ಗದ ಸಪ್ಪಳ ನಿಂತದ್ದಕ್ಕೆ ಗಾಬರಿಯಾಗಿ ಮಲಗಿದವರೆಲ್ಲ ಎದ್ದರು. ಒಬ್ಬ ನೇಕಾರನ ಸೀರೆಯ ಸೆರಗು ಆ ಸದ್ದಿಗೆ ಒಂದು ಗೇಣು ಉದ್ದ ನೇಯ್ದು ಬಂತಂತೆ.

ಅಣ್ಣಾಸಾಹೇಬನ ಕಣ್ಣಲ್ಲಿ ನೀರು ಬಂತು. "ಹಿಂಗಿರಬೇಕು ನೋಡು" ಎಂದ.

ಎಂಟು ಕ್ಯಾಮೆರಾ ಮನೆಗೆ ಬಂದವು. ಕಟ್ಟೆಗೆ ಎರಡು, ಪಡಸಾಲೆಗೆ ಎರಡು, ಅಟ್ಟಕ್ಕೆ, ಅಡಿಗೆಮನೆಗೆ, ಓಣಿಯ ತಿರುವಿಗೆ, ಹಿತ್ತಲಿಗೆ ಒಂದೊಂದು. ವ್ಯಾಪಾರ ಕುದುರಿದ ಖುಷಿಗೆ ಯಲ್ಲಾಲಿಂಗ ಇನ್ನೊಂದು ಸಣ್ಣ ಕ್ಯಾಮೆರಾವನ್ನು ಹಾಗೆಯೇ ಕೊಟ್ಟ. ಆಡಿದ ಮಾತೂ ಕೇಳಿಸುವಂಥದು. ಅದನ್ನು ಅಣ್ಣಾಸಾಹೇಬ, ಹೆಂಡತಿ ಬಾವಿಯ ಕಡೆ ಹೋದಾಗ, ಹಿತ್ತಲ ಬಾಗಿಲಿಗೆ ಹತ್ತಿದ ದೇವರ ಜಗಲಿಯ ಮೇಲಿನ ಪ್ಲಾಸ್ಟಿಕ್ ಹೂವಿನ ಮಾಲೆಯ ಹಿಂದೆ ಸಿಕ್ಕಿಸಿದ. ಎಂಟು ಕಣ್ಣು ಓಣಿಗೆಲ್ಲ ಗೊತ್ತು. ಒಂಬತ್ತನೆಯದು ಗೊತ್ತಿದ್ದದ್ದು ದೇವರಿಗೆ ಮತ್ತು ಅಣ್ಣಾಸಾಹೇಬನಿಗೆ.

ಆ ಒಂದು ತಿಂಗಳು ಅವನು ಕೊಚ್ಚಿಕೊಂಡದ್ದನ್ನು ಕೇಳಿ ಪೇಟೆಯ ಬೆಲ್ಲ ಕರಗಿತು. "ಇನ್ನ ನಮ್ಮ ಮನ್ಯಾಗ ಇರಿವಿ ಸಕ್ಕರಿ ಕದ್ರೂ ಅದರ ಹೆಸರು, ಅಪ್ಪನ ಹೆಸರು ನನಗ ಗೊತ್ತಾಗತೈತಿ" ಎನ್ನುತ್ತಿದ್ದ. ಕೇಳಿದವರಿಗೆ ಫೋನು ತೆಗೆದು ತೋರಿಸುತ್ತಿದ್ದ. ಕೇಳದವರಿಗೆ ಎರಡು ಸಲ.

ಹೊರಡುವ ದಿನ ಬಂತು. ಎರಡು ದಿನದ ಮದುವೆ. ಶಿವಭಕ್ತರ ಮನೆಯ ಜಗಲಿಗೆ ಸಂಜೆ ದೀಪ ತಪ್ಪುವಂತಿಲ್ಲ, ಹಾಗಾಗಿ ಮನೆಯ ಹಳೆಯ ಬೀಗದ ಕೈಯನ್ನು ಇಂದ್ರವ್ವನಿಗೇ ಕೊಡಬೇಕಾಯಿತು. ಎಂಟು ಕ್ಯಾಮೆರಾ ಕೂಡಿಸಿ ಕೀಲಿಯನ್ನು ನೆರೆಮನೆಯವಳ ಕೈಗೆ ಕೊಡುವುದೆಂದರೆ ಒಂದು ನಮೂನೆ ಅನಿಸಿತು. ಆದರೆ ಹೆಂಡತಿ ನೋಡುತ್ತಿದ್ದಳು.

ಇಂದ್ರವ್ವ ಎಡಗೈಯಿಂದ ಕೀಲಿ ತೆಗೆದುಕೊಂಡಳು. ಬಲಗೈಯ ಮಣಿಕಟ್ಟಿಗೆ ಎಂದಿನಂತೆ ಬಟ್ಟೆ ಸುತ್ತಿತ್ತು. ಬಹಳ ವರ್ಷದ ನೋವು, ಯಾವ ಎಣ್ಣೆಗೂ ಬಗ್ಗಿರಲಿಲ್ಲ.

"ನಾಳೆ ಅಕ್ಕಿಕಾಳು ಎಷ್ಟಕ್ಕರಿ ಅಣ್ಣಾ?"

"ಹನ್ನೆರಡೂ ಮೂವತ್ತೈದಕ್ಕ."

"ಆವಾಗ ಫೋನ್ ಯಾರ ನೋಡ್ತಾರ, ಅಕ್ಕಿಕಾಳ ಒಗಿಯೂದರಾಗ ಇರ್ತೀರಿ. ಹೌದಿಲ್ಲೋ?"

"ಹೌದಬೇ."

"ಹಿತ್ತಲಕ ಇರೂದು ಒಂದ ಕ್ಯಾಮೆರಾ ಅಲ್ಲ?"

"ಒಂದ. ಯಾಕ?"

"ಮತ್ತ ಅಲ್ಲಿ ನಾ ಸೀರಿ ಒಣ ಹಾಕತೇನಲ್ಲರಿ" ಎಂದು ಇಂದ್ರವ್ವ ಸೆರಗು ಸರಿಮಾಡಿಕೊಂಡಳು. ಶಂಕ್ರೆವ್ವ ಗಂಡನ ರಟ್ಟೆ ಹಿಡಿದು ಬಸ್ಸಿನ ಕಡೆ ಎಳೆದಳು.

ಗಲಗಲಿಯಲ್ಲಿ ಮುರಗೆಪ್ಪ ಕೃಷ್ಣೆಯ ದಂಡೆಗೆ ಎಂಥ ಹಂದರ ಹಾಕಿದ್ದನೆಂದರೆ, ನದಿಯೇ ನೆರಳು ಸಿಕ್ಕಿತೆಂದು ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹರಿಯುತ್ತಿತ್ತು. ಮೊದಲ ದಿನ ಸುರಗಿಯ ಶಾಸ್ತ್ರ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕಾವ್ಯಳನ್ನು ಕೂಡಿಸಿ ಎಣ್ಣೆ ಅರಿಷಿಣ ಹಚ್ಚುತ್ತಿದ್ದರು. ಎಲ್ಲರ ಕಣ್ಣು ಮದುಮಗಳ ಮೇಲಿದ್ದರೆ ಅಣ್ಣಾಸಾಹೇಬನ ಕಣ್ಣು ಫೋನಿನ ಮೇಲೆ. ಸ್ವಲ್ಪ ಹೊತ್ತಿಗೆ ಅರ್ಧ ಮಂದಿಯ ಕಣ್ಣೂ ಅದರ ಮೇಲೆ.

"ಇದು ನಮ್ಮ ಪಡಸಾಲಿ. ಇದು ಅಟ್ಟ. ಇಲ್ಲಿ ನೋಡ್ರಿ, ಹಲ್ಲಿ. ಹಲ್ಲಿ ಸೈತ ಅಂಜಿ ಸುಮ್ನ ಕುಂತೈತಿ."

"ಮಾವಾರ, ಹಂಡೆ ಇಡೂ ಜಾಗಾ ತೋರಸ್ರಿ" ಎಂದ ಮುರಗೆಪ್ಪ. ಹಂದರ ನಕ್ಕಿತು.

ಸಂಜೆ ಇಂದ್ರವ್ವ ಮುಂಬಾಗಿಲಿಂದ ಬಂದು, ದೀಪ ಹಚ್ಚಿ, ಕೈ ಮುಗಿದು ಹೋದಳು. ಆಕೆ ಪಡಸಾಲೆ ಹಾದು ಹೋದದ್ದನ್ನೂ ಅಣ್ಣಾಸಾಹೇಬ ಊರಿಗೆಲ್ಲ ತೋರಿಸಿದ. ಶಂಕ್ರೆವ್ವ ಮಾತ್ರ ಒಮ್ಮೆಯೂ ಫೋನಿನತ್ತ ಬರಲಿಲ್ಲ. ಇಳಕಲ್ ಸೀರೆ ಉಟ್ಟು, ಗಂಡನ ಪಕ್ಕದ ಖುರ್ಚಿಯಲ್ಲಿ, ಇಪ್ಪತ್ತೆರಡು ವರ್ಷದ ಬಾಕಿ ಗತ್ತನ್ನೆಲ್ಲ ಒಂದೇ ದಿನ ಮಾಡಿ ಕೂತಿದ್ದಳು.

ಮರುದಿನ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿತ್ತು. ಹೀಗಾದದ್ದು ಗಲಗಲಿಯ ಇತಿಹಾಸದಲ್ಲಿ ಅದೇ ಮೊದಲು. ಮದುವೆ ಮಾಡಿಸುವ ಐನೋರು ತಮ್ಮ ಗಡಿಯಾರವನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. ಬ್ಯಾಂಡಿನವರು ಕಿವಿ ಹರಿಯುವಂತೆ ಹಚ್ಚಿದರು. ಅದರ ಬೆನ್ನಿಗೇ ಮುರಗೆಪ್ಪ ಮೈಕಿನಲ್ಲಿ ಕೂಗಿದ: "ಮಹಾಲಿಂಗಪುರದ ಸೋದರತ್ತಿ, ಮಾವ ಆಯೇರಿಗೆ ಬರಬೇಕು! ಜೋಡಿ ಬರಬೇಕು!"

ಶಂಕ್ರೆವ್ವ ಎದ್ದಳು. ಅಣ್ಣಾಸಾಹೇಬನೂ ಎದ್ದ. ಅದೇ ಗಳಿಗೆಗೆ ಅವನ ಕಿಸೆ ಗುರ್ ಎಂದಿತು.

ತೆಗೆದು ನೋಡಿದ. ಹಿತ್ತಲ ಕ್ಯಾಮೆರಾದ ಮುಂದೆ ಬರೀ ಹಸಿರು ಬಟ್ಟೆ, ಏನೂ ಕಾಣದು.

"ಮನ್ಯಾಗ ಯಾರೋ ಹೊಕ್ಕಾರ!" ಎಂದು ಅವನು ಕೂಗಿದ್ದೇ ತಡ, ಮುರಗೆಪ್ಪ ಮೈಕು ಬಿಟ್ಟು ಓಡಿಬಂದ. ಅವನ ಹಿಂದೆ ಹತ್ತು ಮಂದಿ.

ಅಣ್ಣಾಸಾಹೇಬ ಒಂಬತ್ತನೆಯ ಕಣ್ಣನ್ನು ತೆರೆದ. ಬೇರೆ ಯಾರಿಗೂ ಕಾಣದಂತೆ ಫೋನನ್ನು ಎದೆಗೆ ಹತ್ತಿಸಿ ಹಿಡಿದು ನೋಡಿದ. ಜಗಲಿಯ ಮುಂದೆ ಇಂದ್ರವ್ವ. ಆಕೆಯ ಕಾಲ ಬುಡದಲ್ಲಿ ಒಂದು ಗೋಣಿಚೀಲ. ಚೀಲದೊಳಗಿಂದ ಆಕೆ ಎಡಗೈಯಲ್ಲಿ ತೇಕುತ್ತ ಎಳೆದು ತೆಗೆದದ್ದು ತಾಮ್ರದ ಹಂಡೆ. ಹುಣಸೆಹುಳಿ ಹಚ್ಚಿ ತಿಕ್ಕಿದ್ದಳು. ಹೊಸ ಮದುಮಗಳ ಮುಖದಂತೆ ಹೊಳೆಯುತ್ತಿತ್ತು.

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಬ್ಯಾಂಡಿನ ಗದ್ದಲದಲ್ಲಿ ಅವನೊಬ್ಬನಿಗೇ ಕೇಳಿಸಿತು. ಇಂದ್ರವ್ವ ದೇವರ ಜೊತೆ ಜಗಳಕ್ಕೆ ನಿಂತಿದ್ದಳು.

"ತಂದೆ, ನಾ ಕದ್ದಿಲ್ಲ, ನಿನಗ ಗೊತ್ತೈತಿ. ಮಗಳನ್ನ ನೋಡಾಕ ಬೀಗರು ಬರಾವ್ರಿದ್ರು, ನೀರ ಕಾಸಾಕಂತ ಹಿತ್ತಲಿಂದ ಒಯ್ದೆ. ಇವರು ಬರೂದರಾಗ ತಂದಿಟ್ರಾತು ಅಂದ್ನಿ. ಅಂವಾ ಮೂರ ದಿನಕ್ಕಂತ ಹೋದಾಂವ ಮರುದಿನಾನ ಹೊಟ್ಟಿ ಹಿಡಕೊಂಡ ಬಂದ! ಬಂದಾಂವ ಬಾಯಿ ತಗದ. ಪೊಲೀಸರು ಕುಂತಿರಬೇಕಾದ್ರ ಹಂಡೆ ಹೊತಗೊಂಡ ಹೆಂಗ ಬರ್ಲಿ? ಅಂಜಿ ನಾನೂ ಬೈದ್ನಿ. ಖಾಲಿ ಇದ್ದಾಗ ತಂದಿಡೂಣಂದ್ರ, ಇಪ್ಪತ್ತೆರಡ ವರ್ಷದಾಗ ಒಂದ ದಿನರ ಮನಿ ಖಾಲಿ ಬಿಟ್ಟಾನ ಆ ಮನಷ್ಯಾ? ಕದಿಯಾಕ ಬ್ಯಾಡ, ತಿರುಗಿ ಕೊಡಾಕರ ಒಂದ ಸಂದು ಬ್ಯಾಡೇನು? ಅವನ ಶಾಪಾ ಒಂದು, ನನ್ನ ಶಾಪಾ ಒಂದು, ಎರಡೂ ಈ ಒಂದ ಕೈಗೆ ಹತ್ತ್ಯಾವು. ಇನ್ನರ ಬಿಡು ನಮ್ಮಪ್ಪಾ."

ಅಣ್ಣಾಸಾಹೇಬನ ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು.

ಒತ್ತಿದರೆ ಸಾಕು. ಸೈರನ್ ಹೊಡೆಯುತ್ತದೆ, ಓಣಿ ಕೂಡುತ್ತದೆ, ಹಂಡೆಯ ಸಮೇತ ಆಕೆ ಸಿಗುತ್ತಾಳೆ. ಇಪ್ಪತ್ತೆರಡು ವರ್ಷ ನಕ್ಕ ಓಣಿಗೆ ಉತ್ತರ, ಉಪ್ಪಿನಕಾಯಿ ಬಡಿಸಿದ ಮುರಗೆಪ್ಪನಿಗೆ ಉತ್ತರ, ಎಂಟು ಕ್ಯಾಮೆರಾಕ್ಕೂ ಒಂಬತ್ತನೆಯದಕ್ಕೂ ಸಾರ್ಥಕ. ಜಗತ್ತಿನಲ್ಲಿ ಯಾವ ಬಡಾಯಿಗಾರನಿಗೂ ದೇವರು ಇಂಥ ಗುಂಡಿ ಕೊಟ್ಟಿರಲಿಲ್ಲ.

"ಯಾರ ಮಾವಾರ? ಯಾರು? ಒತ್ತರೆಲಾ ಸೈರನ್!" ಮುರಗೆಪ್ಪ ತೋಳು ಜಗ್ಗಿದ.

ಅಣ್ಣಾಸಾಹೇಬ ತಲೆಯೆತ್ತಿದ. ಹಂದರದ ನಡುವೆ, ಎರಡು ಮಣೆಗಳ ಪೈಕಿ ಒಂದರ ಮೇಲೆ, ಶಂಕ್ರೆವ್ವ ಕೂತಿದ್ದಳು. ಇನ್ನೊಂದು ಮಣೆ ಖಾಲಿ. ಆಕೆ ಅವನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಗಾಬರಿ ಇರಲಿಲ್ಲ, ಯಾರು ಹೊಕ್ಕರೆಂಬ ಪ್ರಶ್ನೆಯೂ ಇರಲಿಲ್ಲ. ಏನು ಮಾಡುತ್ತೀರಿ ನೋಡುತ್ತೇನೆ ಎನ್ನುವ ಮುಖ ಅದು.

ಅವನ ಹೆಬ್ಬೆರಳು ಕೆಂಪು ಗುಂಡಿಯಿಂದ ಸರಿದು, ಫೋನನ್ನೇ ಆರಿಸಿತು.

"ಬೆಕ್ಕು" ಎಂದ.

"ಬೆಕ್ಕ?"

"ಹೂಂ, ಬೆಕ್ಕು. ಬೆಕ್ಕ ಹೊಕ್ರ ಹಿಂಗ ಒದರತೈತಿ ಈ ದರಿದ್ರ ಮಷೀನು. ಕಳ್ಳಗೂ ಬೆಕ್ಕಿಗೂ ಫರಕ ತಿಳಿಯೂದಿಲ್ಲ. ಅದಕ್ಕ ಸುರದ ರೊಕ್ಕಾ ಇದ ಕೃಷ್ಣೆದಾಗ ಒಗದಿದ್ರ ಮೀನರ ತಿಂತಿದ್ವು."

ಇಂಥ ಮಾತನ್ನು ಅಣ್ಣಾಸಾಹೇಬ ತನ್ನ ವಸ್ತುವಿನ ಬಗ್ಗೆ ತನ್ನ ಬಾಯಿಂದ ಆಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಹಂದರ ಬಿದ್ದು ಬಿದ್ದು ನಕ್ಕಿತು. ಮುರಗೆಪ್ಪ ನಕ್ಕು ನಕ್ಕು ಗಳ ಹಿಡಿದು ಕೂತ. ಬ್ಯಾಂಡಿನವರಿಗೆ ಊದಲು ಉಸಿರು ಉಳಿಯಲಿಲ್ಲ. "ಎಂಟ ಕ್ಯಾಮೆರಾ, ಒಂದ ಬೆಕ್ಕು!" ಎಂಬ ಮಾತು ಊಟದ ಪಂಕ್ತಿಯಲ್ಲಿ ಹೋಳಿಗೆಗಿಂತ ಮುಂಚೆ ಬಡಿಸಲ್ಪಟ್ಟಿತು, ಸಂಜೆಯೊಳಗೆ ಹೊಳೆ ದಾಟಿ ಆಚೆ ದಂಡೆಗೂ ಹೋಯಿತು.

ಅಣ್ಣಾಸಾಹೇಬ ಹೋಗಿ ಖಾಲಿ ಮಣೆಯ ಮೇಲೆ ಕೂತ. ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಆಕೆ ಅದನ್ನು ಎಲೆಅಡಿಕೆಯ ಚೀಲದಲ್ಲಿ ತುರುಕಿ ದಾರ ಎಳೆದಳು. ಕಾವ್ಯ ಬಾಗಿ ನಮಸ್ಕಾರ ಮಾಡಿದಳು. ಆಯೇರಿಯ ಧೋತರ, ಸೀರೆ ಇಬ್ಬರ ಮಡಿಲಿಗೆ ಬಿದ್ದವು. ಫೋಟೋದವನು, "ಕಾಕಾರ, ಇಷ್ಟ ದೂರ ಯಾಕ? ಕಾಕೂನ ಹಂತ್ಯಾಕ ಸರೀರಿ" ಎಂದ. ಅಣ್ಣಾಸಾಹೇಬ ಸರಿದ.

ಮರುದಿನ ತಿರುಗಿ ಬರುವ ಬಸ್ಸಿನಲ್ಲಿ, ಮುಧೋಳ ದಾಟಿದ ಮೇಲೆ, ಶಂಕ್ರೆವ್ವ ಕಿಡಕಿಯ ಹೊರಗೆ ನೋಡುತ್ತ ಕೇಳಿದಳು.

"ಬೆಕ್ಕು ಹೆಂಗಿತ್ತರಿ?"

"ಮುದೀ ಬೆಕ್ಕು. ಬಲಗೈ ನೋವು ಇದ್ದಂಗ ಕಾಣ್ತಿತ್ತು."

"ಏನರ ಒಯ್ತೇನು?"

"ಇಲ್ಲ. ತಂದಿಟ್ಟ ಹೋತು."

ಶಂಕ್ರೆವ್ವ ಒಂದು ಎಲೆ ತೆಗೆದು, ಸುಣ್ಣ ಹಚ್ಚಿ, ಮಡಚಿ ಅವನ ಕೈಗಿಟ್ಟಳು.

"ನಿನಗ ಯಾವಾಗಿಂದ ಗೊತ್ತಿತ್ತು?" ಎಂದ ಅಣ್ಣಾಸಾಹೇಬ.

"ಹಂಡೆ ಹೋದ ಮೂರನೇ ವರ್ಷ. ಮೆಣಸಿನಕಾಯಿ ತರಾಕ ಇಂದ್ರವ್ವನ ಅಟ್ಟಾ ಹತ್ತಿದ್ನೆಲ್ಲ, ಅಲ್ಲಿ ಗೋಣಿಚೀಲದಾಗ ಕುಂತಿತ್ತು. ಕಂಠಕ್ಕ ನಮ್ಮಪ್ಪನ ಹೆಸರು ಕೆತ್ತಿದ್ದು ಕಾಣ್ತು."

"ಹತ್ತೊಂಬತ್ತ ವರ್ಷ! ನನಗ ಒಂದ ಮಾತ ಹೇಳಬಾರದ?"

"ಹೇಳಿದ್ರ ನೀವು ಹಂಡೆ ತರ್ತಿದ್ರಿ, ನಾ ಇಂದ್ರವ್ವನ್ನ ಕಳಕೊಂತಿದ್ದೆ. ಹಂಡೆ ಅಂಗಡ್ಯಾಗ ಸಿಗತಾವು."

ಅಣ್ಣಾಸಾಹೇಬ ಎಲೆ ಅಗಿಯುತ್ತ ಮಹಾಲಿಂಗಪುರ ಬರುವವರೆಗೆ ಬಾಯಿ ತೆರೆಯಲಿಲ್ಲ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ಕಂಡು ಕಂಡಕ್ಟರನು ಮೈ ಹುಷಾರಿಲ್ಲವೇನೋ ಎಂದು ಎರಡು ಸಲ ಕೇಳಿ ಹೋದ.

ಮನೆಯಲ್ಲಿ ಹಂಡೆ ತನ್ನ ಒಲೆಯ ಮೇಲೆ, ನಡುವೆ ಏನೂ ಆಗಿಯೇ ಇಲ್ಲ ಎನ್ನುವಂತೆ ಕೂತಿತ್ತು. ಕಂಠದವರೆಗೆ ನೀರೂ ತುಂಬಿತ್ತು. ಶಂಕ್ರೆವ್ವ ಉರಿ ಹಾಕಿದಳು. ಅಣ್ಣಾಸಾಹೇಬ ಸ್ನಾನಕ್ಕೆ ಕೂತ. ಒಂದು ತಂಬಿಗೆ, ಎರಡು ತಂಬಿಗೆ, ಹತ್ತು ತಂಬಿಗೆ. ಇಪ್ಪತ್ತೆರಡು ವರ್ಷದ ಮೈಕೊಳೆ ಹೋಗಿ ಬಚ್ಚಲ ಮೋರಿ ಕಟ್ಟಿಕೊಂಡಿತೆಂದು ಹೇಳುತ್ತಾರೆ.

ಹೊರಗೆ ಬಂದು ಮೈ ಒರೆಸಿಕೊಳ್ಳುವಾಗ ಹಿತ್ತಲ ಬಾಗಿಲಲ್ಲಿ ಇಂದ್ರವ್ವ, ಕೈಯಲ್ಲಿ ಬಟ್ಟಲು.

"ಒಂದ ಚಮಚ ಹೆಪ್ಪು ಬೇಕಾಗಿತ್ತರಿ." ಕಣ್ಣು ಮಾತ್ರ ಬಚ್ಚಲುಮನೆಯ ಕಡೆ. "ಅಯ್ಯ, ಹಂಡೆ ಸಿಕ್ತೇನ್ರಿ ಅಣ್ಣಾ?"

"ಕಳದಿದ್ರ ಸಿಗಬೇಕು. ಅಟ್ಟದ ಮ್ಯಾಲಿತ್ತು. ನಾನ ಇಟ್ಟ ಮರತಿದ್ದೆ."

ಇಂದ್ರವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಮೂಗಿನ ಮೇಲೆ ಬೆರಳಿಟ್ಟಳು.

"ಎಂಥಾ ಮರವು ನಿಮ್ಮದು! ಆ ಬಡ ಕಳ್ಳಗ ಇಪ್ಪತ್ತೆರಡ ವರ್ಷ ಸುಮ್ಮ ಸುಮ್ಮನ ಬೈದ್ರಲ್ಲರಿ. ಪಾಪ ಎಲ್ಲಿ ಅದಾನೋ. ಗುಡಿಗೆ ಹೋಗಿ ಶಾಪಾ ತಿರುಗಿ ತಗೊಂಡ ಬರ್ರಿ."

"ಹೊಂಟೇನಬೇ, ಅಲ್ಲೇ ಹೊಂಟೇನಿ" ಎಂದ ಅಣ್ಣಾಸಾಹೇಬ. ಒದ್ದೆ ತಲೆಯಲ್ಲೇ ಹೋಗಿ ಕಾಯಿ ಒಡೆದ. ಒಂದು ತನ್ನ ಶಾಪಕ್ಕೆ, ಇನ್ನೊಂದು ಆಕೆಯ ಶಾಪಕ್ಕೆ.

ಇಂದ್ರವ್ವನ ಕೈನೋವು ಅಂದೇ ಹೋಯಿತೆಂದು ಓಣಿ ಹೇಳುತ್ತದೆ. ಇಂದ್ರವ್ವ ಮಾತ್ರ ವಾರ ಹಿಡಿಯಿತೆನ್ನುತ್ತಾಳೆ.

ತಿಂಗಳ ಮೇಲೆ ಗಲಗಲಿಯಿಂದ ಕಟ್ಟು ಹಾಕಿದ ಫೋಟೋ ಬಂತು. ಎರಡು ಮಣೆ, ಇಬ್ಬರು ಮನುಷ್ಯರು, ಮೊಳಕೈಗೆ ಮೊಳಕೈ ಹತ್ತಿದೆ. ಶಂಕ್ರೆವ್ವ ಅದನ್ನು ಹಿಡಿದು ಪಡಸಾಲೆಯ ತುಂಬ ಓಡಾಡಿದಳು. ಛಲೋ ಜಾಗದಲ್ಲೆಲ್ಲ ಕ್ಯಾಮೆರಾಗಳೇ ಕೂತಿದ್ದವು. ಕಡೆಗೆ ಸ್ಟೂಲು ಹತ್ತಿ, ಬಾಗಿಲಿಗೆ ಎದುರಿಗಿದ್ದ ಮೂರನೆಯ ಕ್ಯಾಮೆರಾವನ್ನು ಕಳಚಿ ಗಂಡನ ಕೈಗೆ ಕೊಟ್ಟು, ಅದರ ಮೊಳೆಗೇ ಫೋಟೋ ತೂಗುಹಾಕಿದಳು.

"ಡೊಂಕ ಆತೇನು ನೋಡ್ರಿ."

"ಬರೊಬ್ಬರಿ ಐತಿ" ಎಂದ ಅಣ್ಣಾಸಾಹೇಬ, ಕ್ಯಾಮೆರಾದ ವಾಯರು ಸುತ್ತುತ್ತ. "ಹಿತ್ತಲದ್ದೂ ಕಳಚಿ ಬಿಡ್ಲ್ಯಾ? ಇಂದ್ರವ್ವಗ ಹೋಗಿ ಬರಾಕ ಅಡ್ಡ ಆಗತೈತಿ."

"ಅದನ್ನೂ ಕಳಚ್ರಿ" ಎಂದಳು ಶಂಕ್ರೆವ್ವ ಸ್ಟೂಲಿನ ಮೇಲಿಂದಲೇ. "ಹಂಗ ಹೂವಿನ ಮಾಲಿ ಹಿಂದ ದೇವರನ್ನ ಕಾಯಾಕ ಇಟ್ಟೀರಲ್ಲ, ಅದನ್ನೂ."